ಅಜ್ಜಿಯ ಬದುಕು ಕೇಳಿ ಬರೆದಿಟ್ಟುಕೊಳ್ಳುವುದು ಹೇಗೆ

ಮೊದಲ ಸಲ ಅಜ್ಜಿಯ ಮುಂದೆ ಫೋನಿಟ್ಟು, ರೆಕಾರ್ಡಿಂಗ್ ಒತ್ತಿ, "ಅಜ್ಜಿ, ನಿನ್ನ ಬಾಲ್ಯ ಹೆಂಗಿತ್ತು?" ಎಂದು ಕೇಳಿದ್ದೆ. ಅವಳು ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, "ನಮ್ ಕಾಲ್ದಲ್ಲಿ ಭಾಳ ಕಷ್ಟ ಇತ್ತು. ಆದ್ರೂ ಚೆನ್ನಾಗೇ ಇತ್ತು" ಅಂದಳು. ಅಷ್ಟೇ. ಹನ್ನೊಂದು ಸೆಕೆಂಡಿನ ಆ ಫೈಲು ಈಗಲೂ ನನ್ನ ಫೋನಿನಲ್ಲಿದೆ.

ಎರಡು ವಾರ ಕಳೆದು, ಅಡಿಕೆ ಸುಲಿತದ ಒಂದು ರಾತ್ರಿ ಜಗಲಿಯಲ್ಲಿ ಅವಳ ಪಕ್ಕ ಕೂತಿದ್ದಾಗ ಸುಮ್ಮನೆ ಬಾಯಿಗೆ ಬಂದಿದ್ದನ್ನು ಕೇಳಿದೆ: "ನೀನು ಮೆಟ್ಟುಗತ್ತಿ ಮೇಲೆ ಮೊದ್ಲು ಕೂತಿದ್ದು ಯಾವಾಗ?" (ಮೆಟ್ಟುಗತ್ತಿ ಅಂದರೆ ಅಡಿಕೆ ಸುಲಿಯಲು ಕೂರುವ ಕತ್ತಿಮಣೆ.) ಅಜ್ಜಿ ಕೈಯಲ್ಲಿದ್ದ ಅಡಿಕೆ ಬುಟ್ಟಿಗೆ ಹಾಕಿ ಎಡಗೈ ತೋರುಬೆರಳನ್ನು ಬಲ್ಬಿನ ಬೆಳಕಿಗೆ ಹಿಡಿದಳು. ಬೆರಳಿನ ಗೆಣ್ಣಿಗೆ ಅಡ್ಡವಾಗಿ ಒಂದು ಬಿಳಿ ಗೆರೆ. "ಹತ್ತೋ ಹನ್ನೊಂದೋ ವರ್ಷ ಇರ್ಬೇಕು. ಅಮ್ಮಂಗೆ ಗೊತ್ತಾಗ್ಬಾರ್ದು ಅಂತ ಕಾಫಿಪುಡಿ ಒತ್ತಿಕೊಂಡು ಮಲಗಿದ್ದೆ ಮಾರಾಯ." ಅಲ್ಲಿಂದ ಮಾತು ಶಾಲೆ ಬಿಟ್ಟಿದ್ದಕ್ಕೆ ಹೋಯಿತು, ಅತ್ತಿಗೆಗಿಂತ ಒಂದು ಡಬ್ಬ ಜಾಸ್ತಿ ಸುಲಿದ ವರ್ಷಕ್ಕೆ ಹೋಯಿತು, ಅಪ್ಪ ಊರವರೆದುರು "ನಮ್ ಹುಡುಗಿ ಕೈ ಚುರುಕು" ಅಂದಿದ್ದಕ್ಕೆ ಹೋಯಿತು. ಒಂದೂಕಾಲು ಗಂಟೆ.

ಈ ಎರಡನೇ ತರಹದ ಪ್ರಶ್ನೆ ಹುಡುಕಲು ನನಗೆ ಒದಗಿದ್ದು, ವಿಚಿತ್ರ ಅನ್ನಿಸಬಹುದು, ಬಿ.ಎಡ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್. ಟಿಇಟಿ ಬರೆದವರಿಗೂ ಈ ಹೆಸರು ಗೊತ್ತಿರುತ್ತದೆ: ಬದುಕಿನ ಎಂಟು ಹಂತ, ಎಂಟು ಸಂಘರ್ಷ, ಹೊಂದಿಸಿ ಬರೆಯಿರಿ. ಪರೀಕ್ಷೆ ಮುಗಿದ ಮೇಲೆ ಆ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಹಿರಿಯರ ಎದುರು ಕೂರುವಾಗ ಅದನ್ನು ಮತ್ತೆ ಹೊರಗೆ ತೆಗೆಯಿರಿ ಅನ್ನುವುದೇ ನನ್ನ ಸಲಹೆ. ಆದರೆ ಅಂಕಪಟ್ಟಿಯ ಹಾಗೆ ಅಲ್ಲ.

ಕೂರುವ ಮುನ್ನ ಪಟ್ಟಿಯನ್ನೊಮ್ಮೆ ನೋಡಿ

ಎರಿಕ್‌ಸನ್ ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತನ್ನ ಅಪ್ಪ ಯಾರೆಂದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೊಂಬರ್ಗರ್ ಎಂಬ ಹೆಸರು ಹೊತ್ತು ಬೆಳೆದು, 1939ರಲ್ಲಿ ಅಮೆರಿಕದ ಪೌರನಾದಾಗ ಎರಿಕ್‌ಸನ್ ಎಂಬ ಹೆಸರನ್ನು ತಾನೇ ಇಟ್ಟುಕೊಂಡ. 'ನಾನು ಯಾರು' ಎಂಬ ಪ್ರಶ್ನೆಯನ್ನು ಅಷ್ಟು ದೊಡ್ಡದು ಮಾಡಿದ್ದು ಸುಮ್ಮನೆ ಅಲ್ಲ. 1950ರಲ್ಲಿ ಆತ ಮುಂದಿಟ್ಟ ಎಂಟು ಹಂತಗಳನ್ನು ಮನೆಮಾತಿನಲ್ಲಿ ಹೇಳುವುದಾದರೆ ಹೀಗೆ. ಎಳೆಗೂಸಿಗೆ, ಅತ್ತರೆ ಯಾರಾದರೂ ಬರುತ್ತಾರಾ ಎಂಬ ನಂಬಿಕೆಯ ಪ್ರಶ್ನೆ. ನಡೆಯಲು ಕಲಿತ ಮಗುವಿಗೆ, ನಾನೇ ಮಾಡ್ತೀನಿ ಅನ್ನುವ ಹಟ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಆಟದ ವಯಸ್ಸಿನಲ್ಲಿ ಮುನ್ನುಗ್ಗುವ ಉಮೇದು, ಜೊತೆಗೆ ತಪ್ಪು ಮಾಡಿದೆ ಎಂಬ ಅಳುಕು. ಶಾಲೆಯ ವಯಸ್ಸಿಗೆ ನನ್ನ ಕೈಲಾಗುತ್ತದಾ ಎಂಬುದು. ಹರೆಯಕ್ಕೆ ನಾನು ಯಾರು ಎಂಬುದು. ಆಮೇಲೆ ಯಾರೊಂದಿಗೆ ಮನಸ್ಸು ಬಿಚ್ಚಲಿ ಎಂಬುದು. ನಡುವಯಸ್ಸಿಗೆ, ನನ್ನಿಂದ ಮುಂದಿನವರಿಗೆ ಏನಾದರೂ ಹೋಯಿತಾ ಅಥವಾ ನಿಂತ ನೀರಾದೆನಾ. ಕೊನೆಗೆ, ಆಗಿದ್ದನ್ನೆಲ್ಲ ನನ್ನದೇ ಬದುಕು ಎಂದು ಒಪ್ಪಿಕೊಳ್ಳುವುದು, ಇಲ್ಲವೇ ಹತಾಶೆ.

ಪಠ್ಯಪುಸ್ತಕ ಇದನ್ನು ಮೆಟ್ಟಿಲಿನ ಚಿತ್ರ ಮಾಡಿ ಕೂರಿಸಿದೆ. ಒಂದು ಹತ್ತಿದರೆ ಮುಂದಿನದು, ಜಾರಿದರೆ ಮುಗಿಯಿತು ಅನ್ನುವ ಹಾಗೆ. ಎರಿಕ್‌ಸನ್ ಹೇಳಿದ್ದು ಹಾಗಲ್ಲ. ಪ್ರತಿ ಪ್ರಶ್ನೆಯೂ ಬದುಕಿನುದ್ದಕ್ಕೂ ಮರಳಿ ಬರುತ್ತದೆ, ಒಂದೊಂದು ವಯಸ್ಸಿನಲ್ಲಿ ಒಂದೊಂದು ಮುನ್ನೆಲೆಗೆ ಬರುತ್ತದೆ, ಅಷ್ಟೇ. ಆತ, ಹೆಂಡತಿ ಜೋನ್ ಮತ್ತು ಹೆಲೆನ್ ಕಿವ್ನಿಕ್ ಸೇರಿ ಎಂಬತ್ತರ ಆಸುಪಾಸಿನ 29 ಜನರನ್ನು ಮಾತಾಡಿಸಿ 1986ರಲ್ಲಿ ಬರೆದಾಗ ಕಂಡುಕೊಂಡಿದ್ದೂ ಇದನ್ನೇ: ಮುಪ್ಪಿನಲ್ಲಿ ಎಂಟೂ ಪ್ರಶ್ನೆಗಳು ಒಟ್ಟಿಗೆ ಮತ್ತೆ ಬಾಗಿಲು ತಟ್ಟುತ್ತವೆ.

ಇನ್ನೊಂದು ಹೆಸರು ಗೊತ್ತಿರಲಿ, ರಾಬರ್ಟ್ ಬಟ್ಲರ್. ಮುದುಕರು ಹಳೆಯದನ್ನೇ ಹೇಳುತ್ತ ಕೂತರೆ 'ಅರಳುಮರಳು' ಎಂದು ವೈದ್ಯರೂ ತಳ್ಳಿಹಾಕುತ್ತಿದ್ದ ಕಾಲದಲ್ಲಿ, 1963ರಲ್ಲಿ, ಹಿಂದಿರುಗಿ ನೋಡುವುದು ಮುಪ್ಪಿನ ಸಹಜ ಕೆಲಸ ಎಂದು ಬರೆದ ಮನೋವೈದ್ಯ. ಹಾಗಾಗಿ ಅಜ್ಜಿ ಅದೇ ಕಥೆಯನ್ನು ನಾಲ್ಕನೇ ಸಲ ಹೇಳಿದರೆ "ಇದನ್ನ ಹೇಳಿದ್ಯಲ್ಲ" ಅನ್ನಬೇಡಿ. ನಾಲ್ಕನೇ ಸಲಕ್ಕೆ ಕಥೆಯಲ್ಲಿ ಒಬ್ಬರು ಹೊಸಬರು ಬಂದಿರುತ್ತಾರೆ.

ಒಪ್ಪಿಗೆ ಕೇಳಿ, ತಿದ್ದುವವರನ್ನು ಹೊರಗೆ ಕಳಿಸಿ

ಕದ್ದು ರೆಕಾರ್ಡ್ ಮಾಡಬೇಡಿ. "ನೀನು ಹೇಳೋದನ್ನ ಇದ್ರಲ್ಲಿ ಹಿಡಿದಿಟ್ಕೋತೀನಿ, ಬೇಡ ಅಂದಿದ್ದು ಅಳಿಸ್ತೀನಿ" ಎಂದು ಹೇಳಿ. ಯಾರು ಕೇಳುತ್ತಾರೆ ಎಂಬುದನ್ನೂ ಹೇಳಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ ಅಂದರೆ ಅವರು ಹೇಳುವುದೇ ಬೇರೆ, ಹೋಗುವುದಿಲ್ಲ ಅಂದರೆ ಹೇಳುವುದೇ ಬೇರೆ.

ಹೊತ್ತು ನೋಡಿಕೊಳ್ಳಿ. ಮಾತ್ರೆ ತೆಗೆದುಕೊಂಡ ಮಂಪರಿನಲ್ಲಿ ಬೇಡ, ಧಾರಾವಾಹಿಯ ಹೊತ್ತಿಗಂತೂ ಬೇಡವೇ ಬೇಡ. ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಆ ಪಕ್ಕ ಕೂರಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಕಿವಿ ಮಂದವಾದವರು ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ. ಹಲ್ಲಿನ ಸೆಟ್ ಹಾಕಿಸಿ. ಫ್ಯಾನು ನಿಲ್ಲಿಸಿ, ಫೋನು ಏರೋಪ್ಲೇನ್ ಮೋಡಿಗೆ ಹಾಕಿ, ಎರಡು ನಿಮಿಷ ಮಾತಾಡಿಸಿ ಒಮ್ಮೆ ಕೇಳಿ ನೋಡಿ. ನಲವತ್ತು ನಿಮಿಷ ಸಾಕು, ಅವರೇ ಬಿಡದಿದ್ದರೆ ಬೇರೆ ಮಾತು. ಕೈಗೆ ಕೆಲಸವಿದ್ದರೆ ಬಾಯಿ ಸಲೀಸು: ಬತ್ತಿ ಹೊಸೆಯುವುದು, ಹುರುಳಿಕಾಯಿ ನಾರು ತೆಗೆಯುವುದು, ಅಡಿಕೆ ಸುಲಿಯುವುದು. ಮಿಕ್ಸಿ ಮಾತ್ರ ಬೇಡ.

ಮತ್ತೆ, ಪ್ರತಿ ಮನೆಯಲ್ಲೂ ಒಬ್ಬ ಚಿಕ್ಕಪ್ಪ ಇರುತ್ತಾನೆ. ಅಜ್ಜಿ ಬಾಯಿ ತೆಗೆದ ಕೂಡಲೇ "ಹಂಗಲ್ಲಮ್ಮ, ಅದು ಎಪ್ಪತ್ತೆರಡರಲ್ಲಿ" ಅನ್ನುವವನು. ಅವನನ್ನು ಪೇಟೆಗೆ ಕಳಿಸಿ. ಅವನ ಇಸವಿ ಸರಿಯೇ ಇರಬಹುದು, ಆಮೇಲೆ ಕೇಳಿಕೊಂಡರಾಯಿತು.

ಇಸವಿಯನ್ನು ಇಸವಿಯಿಂದ ಕೇಳಬೇಡಿ

ನಮ್ಮ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಆ ವಯಸ್ಸಿನ ಎಷ್ಟೋ ಜನ ಆ ದಿನವೇ ಹುಟ್ಟಿದ್ದಾರೆ ಎಂದು ಕಾಗದ ಹೇಳುತ್ತದೆ. "ಯಾವ ಇಸವಿ?" ಎಂದು ಕೇಳಿದರೆ ಅವರು ಮುದುಡಿಕೊಳ್ಳುತ್ತಾರೆ, ಓದು ಬಾರದ ಸಂಕೋಚ ಎದ್ದು ಬರುತ್ತದೆ. ಬದಲಿಗೆ ಊರಿಗೆಲ್ಲ ಗೊತ್ತಿರುವ ಗುರುತುಗಳನ್ನು ಹಿಡಿಯಿರಿ.

ಅಂಗಡಿಯಲ್ಲಿ ಆಣೆ ನಡೆಯುತ್ತಿತ್ತಾ, ನಯಾಪೈಸೆ ಬಂದಿತ್ತಾ? ನಯಾಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ನೆಹರೂ ತೀರಿಕೊಂಡಾಗ (1964ರ ಮೇ) ಕಂಕುಳಲ್ಲಿ ಯಾವ ಮಗು ಇತ್ತು? ಸಾಗರ, ಹೊಸನಗರದ ಕಡೆಯವರಿಗೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದ್ದು ಮರೆಯಲಾಗದ ಗುರುತು. ಅಂಕೋಲಾದಿಂದ ರಾಯಚೂರಿನವರೆಗಿನವರಿಗೆ 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ. ಉತ್ತರ ಕರ್ನಾಟಕದ ಹಿರಿಯರಿಗೆ 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಕಡೆಯಿಂದ ಬಂದ ಭೂಕಂಪದ ನಡುಕ. ಎಮರ್ಜೆನ್ಸಿ, ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತ 1978ರ ಚುನಾವಣೆ, ರಾಜ್‌ಕುಮಾರ್ ಕಾಡಿನಲ್ಲಿದ್ದ 2000ದ ಆ 108 ದಿನ. ಒಂದು ಹಾಳೆಯಲ್ಲಿ ಇವನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಅವರ ಮದುವೆ, ಹೆರಿಗೆ, ಸಾವು, ಮನೆ ಬದಲಿಸಿದ್ದು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ. ಒಂದು ಸಂಜೆಯ ಕೆಲಸ.

ಮೊದಲ ಹಂತದಿಂದ ಶುರುಮಾಡಬೇಡಿ

ತೊಟ್ಟಿಲಲ್ಲಿದ್ದಾಗಿನ ನೆನಪು ಯಾರಿಗೂ ಇರುವುದಿಲ್ಲ. ವಯಸ್ಸಾದವರಿಗೆ ಹೆಚ್ಚು ನಿಚ್ಚಳವಾಗಿ ಉಳಿದಿರುವುದು ಸುಮಾರು ಹತ್ತರಿಂದ ಮೂವತ್ತರವರೆಗಿನ ನೆನಪು. ಆದ್ದರಿಂದ ನಾಲ್ಕನೆಯ ಪ್ರಶ್ನೆಯಿಂದ, ಅಂದರೆ 'ಕೈಲಾಗುತ್ತದಾ' ಎಂಬುದರಿಂದ ಹೊರಡಿ. ಮೊದಲು ಕಲಿತ ಕೆಲಸ ಯಾವುದು, ಕಲಿಸಿದವರು ಯಾರು, ಬೈಸಿಕೊಂಡಿದ್ದು ಯಾವುದಕ್ಕೆ, ಮೊದಲ ಸಲ ಹೊಗಳಿಸಿಕೊಂಡಿದ್ದು ಯಾರಿಂದ. ಶಾಲೆ ಎಷ್ಟರವರೆಗೆ ಎಂದು ಕೇಳುವುದಕ್ಕಿಂತ ಶಾಲೆಗೆ ಕೊನೆಯ ಸಲ ಹೋದ ದಿನ ನೆನಪಿದೆಯಾ ಎಂದು ಕೇಳಿ. ಅಜ್ಜನಿಗಾದರೆ ಮೊದಲ ಸಂಬಳ ಎಷ್ಟು, ಅದನ್ನು ಯಾರ ಕೈಗೆ ಕೊಟ್ಟಿರಿ ಎಂದು ಕೇಳಿ ಸುಮ್ಮನಾಗಿ.

ಆಮೇಲೆ ಐದು ಮತ್ತು ಆರು. ಎರಿಕ್‌ಸನ್ ಪ್ರಕಾರ ಮೊದಲು 'ನಾನು ಯಾರು' ಒಂದು ಮಟ್ಟಿಗೆ ಇತ್ಯರ್ಥವಾಗಬೇಕು, ಆಮೇಲೆ ಆಪ್ತತೆ. ನಮ್ಮ ಅಜ್ಜಿಯಂದಿರ ವಿಷಯದಲ್ಲಿ ಈ ಅನುಕ್ರಮ ಅಲ್ಲೇ ಮುರಿದುಬೀಳುತ್ತದೆ. ಹದಿನಾರಕ್ಕೆ ಮದುವೆ, ಗೊತ್ತಿಲ್ಲದ ಮನೆ, ಗೊತ್ತಿಲ್ಲದ ಅಡುಗೆಮನೆ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹೆಸರೂ ಬದಲು. 'ನಾನು ಯಾರು' ಎಂಬುದನ್ನು ಬೇರೆಯವರು ತೀರ್ಮಾನ ಮಾಡಿ ಆಗಿತ್ತು, ಅವಳಿಗೆ ಆ ಪ್ರಶ್ನೆ ಬಂದಿದ್ದು ನಲವತ್ತು ದಾಟಿ, ಅತ್ತೆ ತೀರಿಕೊಂಡ ಮೇಲೆ. ಇಲ್ಲಿ ನನಗೆ ಬಾಗಿಲು ತೆರೆದ ಪ್ರಶ್ನೆ ಇದು: "ತವರಲ್ಲಿ ನಿನ್ನ ಏನಂತ ಕರೀತಿದ್ರು?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಭಾಗೀರಥಿ. ಭಾಗಿ ಅಂತಿದ್ರು. ಹಂಗೆ ಕರೆಯೋರು ಈಗ ಯಾರೂ ಉಳಿದಿಲ್ಲ." ರೇಷನ್ ಕಾರ್ಡಿನಲ್ಲಿರುವ ಹೆಸರೇ ಅವಳ ಹೆಸರು ಎಂದು ಮೂವತ್ತು ವರ್ಷ ನಂಬಿದ್ದೆ. ಹೆಸರು ಬದಲಿಸಿಕೊಂಡ ಎರಿಕ್‌ಸನ್ ಮತ್ತು ಹೆಸರು ಬದಲಿಸಲ್ಪಟ್ಟ ನಮ್ಮಜ್ಜಿ, ಇಬ್ಬರ ನಡುವಿನ ದೂರ ಎಷ್ಟೆಂದು ಅವತ್ತು ಹೊಳೆಯಿತು.

ಆಪ್ತತೆಗೆ ಬಂದಾಗ ನೇರವಾಗಿ ಗಂಡನ ಬಗ್ಗೆ ಕೇಳಬೇಡಿ. "ಅವರು ಒಳ್ಳೇವ್ರು" ಎಂಬ ಒಂದು ಸಾಲು ಸಿಗುತ್ತದೆ, ಫೋಟೋಕ್ಕೆ ಹಾರ ಹಾಕಿದ ಹಾಗೆ. "ಕಷ್ಟ ಸುಖ ಯಾರ ಹತ್ರ ಹೇಳ್ಕೋತಿದ್ದೆ?" ಅನ್ನಿ. ಓರಗಿತ್ತಿಯ ಹೆಸರು ಬರಬಹುದು, ಬಳೆಗಾರ್ತಿಯ ಹೆಸರು ಬರಬಹುದು. ನಮ್ಮಜ್ಜಿ ಹೇಳಿದ್ದು ಕೊಟ್ಟಿಗೆಯ ಒಂದು ಎಮ್ಮೆಯ ಹೆಸರು.

ಏಳನೆಯದಕ್ಕೆ, ಅಂದರೆ ಮುಂದಿನವರಿಗೆ ಏನು ಹೋಯಿತು ಎಂಬುದಕ್ಕೆ, ಮಕ್ಕಳೆಷ್ಟು ಎಂದು ಲೆಕ್ಕ ಕೇಳುವುದಲ್ಲ. "ನಿನ್ನ ಕೈಯಿಂದ ಯಾರು ಏನು ಕಲಿತ್ರು?" ಮಕ್ಕಳಿಲ್ಲದ ದೊಡ್ಡತ್ತೆಯ ಹತ್ತಿರ ಇದನ್ನು ಕೇಳಿದಾಗ ಅವರು ಮಿಡಿ ಉಪ್ಪಿನಕಾಯಿ ಕಲಿಸಿದವರನ್ನು ಬೆರಳಲ್ಲಿ ಎಣಿಸತೊಡಗಿದರು. ಅಪ್ಪೆಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಿಸಬೇಕು, ಉಪ್ಪಿನಲ್ಲಿ ಸುರುಟುವ ತನಕ ಕಾಯಬೇಕು, ಅವಸರ ಮಾಡಿ ಖಾರ ಬೆರೆಸಿದರೆ ಮೆತ್ತಗಾಗುತ್ತದೆ. ಎಣಿಕೆ ಎರಡೂ ಕೈ ದಾಟಿತು.

ಮೂರನೆಯದನ್ನು, ಆಟದ ವಯಸ್ಸಿನದನ್ನು, ನಾನು ಸಾಮಾನ್ಯವಾಗಿ ಬಿಟ್ಟೇಬಿಡುತ್ತೇನೆ. ಎಂಟನೆಯದನ್ನು ಕೇಳುವುದೇ ಇಲ್ಲ. "ನಿನ್ನ ಬದುಕು ಸಾರ್ಥಕ ಅನ್ಸತ್ತಾ?" ಎಂಬುದು ಮನುಷ್ಯರು ಮನುಷ್ಯರಿಗೆ ಕೇಳುವ ಪ್ರಶ್ನೆಯಲ್ಲ. ಉಳಿದದ್ದನ್ನು ಸರಿಯಾಗಿ ಕೇಳಿಸಿಕೊಂಡರೆ ಇದಕ್ಕೆ ಉತ್ತರ ಎಲ್ಲೋ ನಡುವೆ, ಎಲೆಗೆ ಸುಣ್ಣ ಹಚ್ಚುತ್ತ, ತಾನಾಗಿ ಬರುತ್ತದೆ.

ಒಂದು ಮತ್ತು ಎರಡನ್ನು ಇವತ್ತಿನ ದಿನದಲ್ಲಿ ಹುಡುಕಿ

ನನಗೆ ಹೆಚ್ಚು ಉಪಯೋಗಕ್ಕೆ ಬಂದ ಭಾಗ ಇದು, ಮತ್ತು ರೆಕಾರ್ಡಿಂಗಿಗೆ ಸಂಬಂಧವೇ ಇಲ್ಲದ್ದು. ಅತ್ತರೆ ಯಾರಾದರೂ ಬರುತ್ತಾರಾ, ನನ್ನ ಮೈ ನನ್ನ ಹಿಡಿತದಲ್ಲಿದೆಯಾ ಎಂಬ ಎಳೆಗೂಸಿನ ಪ್ರಶ್ನೆಗಳೇ ಎಂಬತ್ತರಲ್ಲಿ ಮರಳುತ್ತವೆ. ಎರಿಕ್‌ಸನ್ 1994ರಲ್ಲಿ ತೀರಿಕೊಂಡ ಮೇಲೆ, ತೊಂಬತ್ತು ದಾಟಿದ್ದ ಜೋನ್ ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಎಂಟೂ ಜೋಡಿಗಳನ್ನು ತಿರುಗಿಸಿ, ಅಪನಂಬಿಕೆ, ನಾಚಿಕೆ, ಅನುಮಾನಗಳನ್ನು ಮುಂದಿಟ್ಟು ಬರೆದರು. ಅದನ್ನು ಬರೆಯಲು ಆ ವಯಸ್ಸೇ ಆಗಬೇಕಿತ್ತೇನೋ.

ಕಳೆದ ಮಳೆಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿದಳು. ಪೆಟ್ಟೇನೂ ಆಗಲಿಲ್ಲ. ಆದರೂ ನಾವೆಲ್ಲ ಸೇರಿ ಒಳಗಿನ ಚಿಲಕ ಬಿಚ್ಚಿಸಿದೆವು. ಅಂದಿನಿಂದ ಅವಳು ದಿನಾ ಸ್ನಾನ ಬಿಟ್ಟಳು. ಚಳಿ ಅಂದಳು, ಸುಸ್ತು ಅಂದಳು. ಸುಲಿತದ ಇನ್ನೊಂದು ರಾತ್ರಿ, ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮೀಯುತ್ತಿದ್ದ ಕಥೆ ಹೇಳುತ್ತ, "ಆಗ್ಲೂ ಹೆಂಗಸ್ರಿಗೆ ಅಂತ ಮರೆ ಇತ್ತಪ್ಪ" ಅಂದಳು. ಮಾರನೇ ದಿನ ಹೊರಗಿನಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ, ಗೋಡೆಗೊಂದು ಹಿಡಿ, ಕೂರಲು ಪ್ಲಾಸ್ಟಿಕ್ ಸ್ಟೂಲು ಇಡಿಸಿದೆ. ಸ್ನಾನ ಮತ್ತೆ ಶುರುವಾಯಿತು.

ನೀವೂ ನಿಮ್ಮ ಮನೆಯಲ್ಲಿ ಹೀಗೇ ಒಂದು ಸುತ್ತು ಹಾಕಿ. ಸಂಧ್ಯಾ ಸುರಕ್ಷಾದ ಹಣ ಬರುವ ಪಾಸ್‌ಬುಕ್ ಯಾರ ಬೀರುವಿನಲ್ಲಿದೆ? ಅವರ ಮಾತ್ರೆ ಅವರ ಕೈಗೆಟುಕುತ್ತದಾ? ಅವರ ಕೋಣೆಗೆ ಬಾಗಿಲು ತಟ್ಟಿ ಹೋಗುತ್ತೀರಾ? ಎದ್ದು ಕರೆದರೆ ರಾತ್ರಿ ಯಾರಿಗೆ ಕೇಳಿಸುತ್ತದೆ? ಡಾಕ್ಟರು ಪ್ರಶ್ನೆ ಕೇಳಿದಾಗ ಉತ್ತರ ಹೇಳುವವರು ಅವರಾ, ನೀವಾ?

ಅತ್ತರೆ, ಮೌನವಾದರೆ

ಅಳು ಬಂದರೆ ಬರಲಿ. ನೀರು ಕೊಡಿ, ಕೈ ಹಿಡಿಯಿರಿ. "ಬಿಡು ಅಜ್ಜಿ, ಹಳೇದೆಲ್ಲ ಯಾಕೆ" ಅನ್ನಬೇಡಿ, ಹಳೆಯದನ್ನು ಕೆದಕಿದ್ದು ನೀವೇ. ತೀರಿಹೋದ ಮಗು, ಪಾಲಿನ ಜಗಳ, ಓಡಿಹೋದ ತಮ್ಮ ಇಂಥದ್ದು ಎಲ್ಲ ಮನೆಯಲ್ಲೂ ಇರುತ್ತದೆ, ಅವರು ತಪ್ಪಿಸಿಕೊಂಡು ಹೋದರೆ ಹಿಂದೆ ಬೀಳಬೇಡಿ. ಎರಿಕ್‌ಸನ್ ಮನೆಯಲ್ಲೇ ಅಂಥದ್ದೊಂದಿತ್ತು. 1944ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಮಗು ಹುಟ್ಟಿತು, ಅದನ್ನು ಆಶ್ರಯಧಾಮಕ್ಕೆ ಕಳಿಸಿ, ಮನೆಯ ಮಕ್ಕಳಿಗೆ ಅದು ಹುಟ್ಟುವಾಗಲೇ ತೀರಿಹೋಯಿತು ಎಂದು ಹೇಳಿದರು. ನಂಬಿಕೆಯೇ ಬದುಕಿನ ಬುನಾದಿ ಎಂದು ಬರೆದವನ ಮನೆ ಅದು.

"ಇನ್ನೇನು, ಸಾಯೋದೊಂದು ಬಾಕಿ" ಎಂಬುದನ್ನು ನಮ್ಮ ಹಿರಿಯರು ಕಾಫಿ ಕುಡಿಯುತ್ತಲೂ ಹೇಳುತ್ತಾರೆ. ಅದಕ್ಕೆ ಗಾಬರಿ ಬೇಡ. ಅದೇ ಮಾತಿನ ಜೊತೆ ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಮಾತ್ರೆ ನುಂಗದೆ ಬಚ್ಚಿಟ್ಟರೆ, ಒಡವೆ ವಸ್ತ್ರ ಹಂಚತೊಡಗಿದರೆ, ಎರಡು ವಾರವಾದರೂ ಮಂಕು ಹರಿಯದಿದ್ದರೆ ರೆಕಾರ್ಡಿಂಗ್ ಬದಿಗಿಟ್ಟು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಗಟ್ಟಿಯಾಗಿದೆ ಅನ್ನಿಸಿದರೆ ವಾರಗಟ್ಟಲೆ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿರಿಯರಿಗೆ ಹಿಂಸೆಯೋ ಪೆನ್ಷನ್ ತೊಂದರೆಯೋ ಇದ್ದರೆ ಹಿರಿಯರ ಸಹಾಯವಾಣಿ 14567. ಹಳೆಯ ಕಥೆ ಮರುಕಳಿಸುವುದು ಸಹಜ. ಆದರೆ ಬೆಳಿಗ್ಗೆ ತಿಂದಿದ್ದು ಮರೆತು, ಒಲೆ ಆರಿಸುವುದು ಮರೆತು, ನಡೆದೂ ನಡೆದೂ ಗೊತ್ತಿರುವ ದಾರಿ ತಪ್ಪಿದರೆ ಅದು ಮರೆವಿನ ಕಾಯಿಲೆ ಇರಬಹುದು, ತೋರಿಸಬೇಕು.

ಅಜ್ಜಂದಿರು ಬಾಯಿ ಬಿಡುವುದಿಲ್ಲ ಎಂಬ ದೂರು ಸಾಮಾನ್ಯ. ಎದುರು ಕೂರಿಸಬೇಡಿ, ಜೊತೆಗೆ ನಡೆಯಿರಿ. ಅವರ ಹಳೆಯ ಗದ್ದೆಯ ಬದು, ಕೆಲಸ ಮಾಡಿದ ಡಿಪೋದ ಗೇಟು, ಹತ್ತುತ್ತಿದ್ದ ಬಸ್‌ಸ್ಟ್ಯಾಂಡು. ಎರಿಕ್‌ಸನ್ ಮನುಷ್ಯನ ಬದುಕಿನ ಹಂತಗಳ ಬಗ್ಗೆ ಮಾತಾಡಲೆಂದು 1962ರಲ್ಲಿ ಅಹಮದಾಬಾದಿಗೆ ಬಂದವನು, 1918ರ ಗಿರಣಿ ಮುಷ್ಕರದಲ್ಲಿ ಗಾಂಧಿಯನ್ನು ಕಂಡಿದ್ದ ಮುದುಕರನ್ನು ಆ ಊರಿನಲ್ಲೇ ಹುಡುಕಿ ಮಾತಾಡಿಸಿದ. ಜಾಗ ನೆನಪನ್ನು ಎಬ್ಬಿಸುತ್ತದೆ.

ಬರೆದದ್ದನ್ನು ಅವರಿಗೇ ಓದಿ ಹೇಳಿ

ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. "ಕೊಯ್ಕೊಂಡೆ" ಎಂಬುದು "ಗಾಯ ಮಾಡಿಕೊಂಡೆನು" ಆದರೆ ಅದು ಅಜ್ಜಿ ಅಲ್ಲ, ಕಂದಾಯ ಇಲಾಖೆ. ಒಂದು ಗಂಟೆಯ ಮಾತು ಬರೆಯಲು ನನಗೆ ಐದಾರು ಗಂಟೆ ಹಿಡಿದಿದೆ. ಫೋನಿಗೆ ಹೇಳಿ ಬರೆಸಿದರೆ ಮಲೆನಾಡಿನ ಮಾತು ಅದಕ್ಕೆ ಅರ್ಥವಾಗದೆ ಏನೇನೋ ಬರುತ್ತದೆ, ತಿದ್ದುವ ಹೊತ್ತಿಗೆ ಅಷ್ಟೇ ಸಮಯ. ಫೈಲಿಗೆ ಹೆಸರು, ತಾರೀಖು ಹಾಕಿ, ಎರಡು ಕಡೆ ಪ್ರತಿ ಇಡಿ. ಫೋನು ಹಾಳಾಗುವುದಕ್ಕೆ ಮುಹೂರ್ತ ನೋಡುವುದಿಲ್ಲ.

ಬರೆದು ಮುಗಿದ ಮೇಲೆ ಕೂತು ಓದಿ ಹೇಳಿ. ಏನು ತೆಗೆಯಲಿ, ಏನು ಸೇರಿಸಲಿ ಎಂದು ಕೇಳಿ. ಅಜ್ಜಿ ಪೂರ್ತಿ ಕೇಳಿ, ಎಮ್ಮೆಯ ಬಣ್ಣ ತಪ್ಪಾಗಿದೆ ಅಂದಳು. ಕಾಫಿಪುಡಿ ಒತ್ತಿಕೊಂಡಿದ್ದು ಎಡಗೈಗೆ ಎಂದು ಬರೆ ಅಂದಳು. ಒಂದು ಕಡೆ ಕೈ ಎತ್ತಿ ನಿಲ್ಲಿಸಿ, "ಇದನ್ನ ತೆಗಿಬೇಡ. ಆದ್ರೆ ನಾನಿರೋ ತನಕ ಯಾರಿಗೂ ಓದಬೇಡ" ಅಂದಳು. ಆ ಎರಡು ಪುಟ ಬೇರೆ ಪೆನ್‌ಡ್ರೈವಿಗೆ ಹಾಕಿದ್ದೇನೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೀ ತಾರೀಖಿದೆ.